ಫ್ರೀಜರಿನ ಅಡಿಗೆಯೂ ಗೃಹಿಣಿಯ ವಿವೇಕವೂ

ನಮ್ಮ ಶಾಲೆಯಿಂದ ಹೊರಟು ಈಗ ಸ್ವಂತ ಸಂಸಾರಗಳನ್ನು ನಡಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: ಮನೆಯಲ್ಲಿ ಬೇಯಿಸಿ ಫ್ರೀಜರಿನಲ್ಲಿಟ್ಟ ಪದಾರ್ಥವನ್ನು ನಾಲ್ಕಾರು ತಿಂಗಳಾದ ಮೇಲೆ ಉಣ್ಣಬಹುದೋ? ದೂರದ ಊರಿನಲ್ಲಿ ಕೆಲಸಮಾಡುವ ಮಗಳು, ಒಂಟಿಯಾಗಿರುವ ವೃದ್ಧ ತಂದೆಯವರಿಗೋಸ್ಕರ ಸಾರು ಪಲ್ಯಗಳನ್ನು ಡಬ್ಬಿಗಳಲ್ಲಿ ತುಂಬಿಟ್ಟು ಹೋಗುವ ಕಾಲವಿದು. ಆದಕಾರಣ ಪ್ರಶ್ನೆಯು ಅಲ್ಪವಾದದ್ದಲ್ಲ. ಹಳೆಯದೆಂದು ಹೆದರಿ ಎಲ್ಲವನ್ನೂ ಚೆಲ್ಲುವವರು ಕೆಲವರು. ಹಿಮವು ಸಕಲ ದೋಷಗಳನ್ನೂ ಕಳೆಯುವದೆಂದು ನಂಬುವವರು ಕೆಲವರು. ಇಬ್ಬರೂ ತಪ್ಪುವರೆಂಬದೇ ನಮ್ಮ ಅಭಿಪ್ರಾಯ.

ಶೂನ್ಯಕ್ಕಿಂತ ೧೮ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ರೋಗಾಣುಗಳು ಬೆಳೆಯಲಾರವು. ಆ ಶೈತ್ಯವು ಎಡೆಬಿಡದೆ ಇರುವ ತನಕ ತಿಂಗಳುಗಳು ಕಳೆದ ಮಾತ್ರಕ್ಕೆ ಆಹಾರವು ವಿಷವಾಗದು. ಕೆಡುವದು ರುಚಿ: ನೀರಿನಂಶ ಆರಿ ಮೇಲ್ಭಾಗವು ಒಣಗುವದು, ಎಣ್ಣೆ ತೆಂಗಿನಕಾಯಿಗಳ ಜಿಡ್ಡು ಕಮಟುವದು. ಬೇಯಿಸಿದ್ದನ್ನು ಮೂರು ನಾಲ್ಕು ತಿಂಗಳೊಳಗೆ ಮುಗಿಸಿರೆಂಬ ಸೂಚನೆಯು ರುಚಿಯ ನಿಮಿತ್ತವಾದದ್ದು.

ಆದರೆ ಶೈತ್ಯವು ಬಹುಪಾಲು ರೋಗಾಣುಗಳನ್ನು ನಿದ್ರೆಗೊಳಿಸುವದೇ ಹೊರತು ಕೊಲ್ಲುವದಿಲ್ಲ. ಅನ್ನವನ್ನೇ ನೋಡಿರಿ. ಬ್ಯಾಸಿಲಸ್ ಸೀರಿಯಸ್ ಎಂಬ ಅಣುಜೀವಿಯ ಬೀಜಾಣುಗಳು ಅನ್ನ ಬೆಂದರೂ ಉಳಿಯಬಲ್ಲವು. ಅನ್ನವು ಗಂಟೆಗಟ್ಟಲೆ ಬೆಚ್ಚಗೆ ಬಿದ್ದಿದ್ದರೆ ಅವು ಮೊಳೆತು ಹೆಚ್ಚಿ, ವಾಂತಿ ತರುವ ನಂಜನ್ನುಂಟುಮಾಡುವವು. ಆ ನಂಜು ಹಿಮಕ್ಕೂ ಹೋಗದು, ಮತ್ತೆ ಕುದಿಸಿದರೂ ಹೋಗದು, ಮೂಗಿಗೂ ತಿಳಿಯದು. ಆದುದರಿಂದ ಎಷ್ಟು ತಿಂಗಳು ಒಳಗಿತ್ತೆಂಬದಕ್ಕಿಂತ, ಒಳಗೆ ಹೋಗುವ ಮುಂಚೆ ಎಷ್ಟು ಹೊತ್ತು ಹೊರಗಿತ್ತೆಂಬದನ್ನೇ ಮೊದಲು ಕೇಳತಕ್ಕದ್ದು.

ಅಡಿಗೆಯಾದ ಎರಡು ಗಂಟೆಯೊಳಗೆ, ೩೨ ಡಿಗ್ರಿ ಮೀರಿದ ಸೆಕೆಯಲ್ಲಾದರೆ ಒಂದೇ ಗಂಟೆಯೊಳಗೆ, ಅಗಲವಾದ ಪಾತ್ರೆಗಳಲ್ಲಿ ಹರಡಿ ತಣಿಸಿ ಒಳಗಿಡಿರಿ. ತೆಗೆಯುವಾಗ ಕಟ್ಟೆಯ ಮೇಲೆ ಬಿಡದೆ ಫ್ರಿಜ್ಜಿನ ಕೆಳ ಅರೆಯಲ್ಲಿ ಕರಗಿಸಿ, ನಡುವೆಲ್ಲಾ ಹಬೆಯಾಡುವಂತೆ ಕಾಯಿಸಿರಿ. ವಿದ್ಯುತ್ತು ನಿಂತರೆ, ಬಾಗಿಲು ತೆರೆಯದ ತುಂಬಿದ ಫ್ರೀಜರು ಸುಮಾರು ೪೮ ಗಂಟೆ, ಅರ್ಧ ತುಂಬಿದ್ದು ೨೪ ಗಂಟೆ ತಡೆಯುವದು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದ ಮಲೆನಾಡಿನ ಮನೆಗಳವರು ಇದನ್ನು ಮರೆಯಬಾರದು. ಕರಗಿ ಬೆಚ್ಚಗಾದದ್ದು ಪುನಃ ಗಟ್ಟಿಯಾದರೆ ನೋಡಲು ಮೊದಲಿನಂತೆಯೇ ಇರುವದು. ಲೋಟದ ನೀರನ್ನು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯವಿಟ್ಟು ಊರಿಗೆ ಹೋಗಿರಿ. ಹಿಂದಿರುಗಿದಾಗ ನಾಣ್ಯವು ತಳದಲ್ಲಿದ್ದರೆ, ನೀವಿಲ್ಲದಾಗ ಎಲ್ಲವೂ ಕರಗಿತ್ತೆಂದು ತಿಳಿಯಿರಿ.

ತಂಗಳನ್ನು ಶಂಕಿಸಿದ ಅಜ್ಜಿಯರನ್ನು ನಗಬೇಡಿರಿ. ಯಂತ್ರವಿಲ್ಲದ ಕಾಲಕ್ಕೆ ಅವರ ವಿವೇಕ ತಕ್ಕದ್ದೇ. ಯಂತ್ರ ಬಂದ ಮಾತ್ರಕ್ಕೆ ವಿವೇಕವು ಬೇಡವಾಗಲಿಲ್ಲ. ಪ್ರತಿ ಡಬ್ಬಿಯ ಮೇಲೆ ಪದಾರ್ಥದ ಹೆಸರನ್ನೂ ತಾರೀಖನ್ನೂ ಬರೆಯಿರಿ. ಉಣ್ಣುವವರು ವೃದ್ಧರೋ ಶಿಶುಗಳೋ ಗರ್ಭಿಣಿಯರೋ ಆಗಿದ್ದರೆ ಇಮ್ಮಡಿ ಎಚ್ಚರವಿರಲಿ. ಸಂಶಯವುಳ್ಳದ್ದನ್ನು ಚೆಲ್ಲುವದು ದುಂದಲ್ಲ. ಸರಿಯಾಗಿ ಇಟ್ಟದ್ದನ್ನು ಬರಿಯ ಭಯದಿಂದ ಚೆಲ್ಲುವದೇ ದುಂದು.