ಬೇಕಲ ಕೋಟಗೆ ಹೋಪಗ ಅಜ್ಜಿಯೂ ಬರಲಿ

ರಜೆ ಬಂತು ಹೇಳಿ ಆದರೆ ನಮ್ಮೋರ ಮನೆಗಳಲ್ಲಿ ಒಂದು ಮಾತು ಸುರು ಆವುತ್ತು, "ಎಲ್ಲಿಗಾರೂ ಹೋಪೊ" ಹೇಳಿ. ಮಕ್ಕೊಗೆ ಕಡಲು ಬೇಕು. ಗೆಂಡುಮಕ್ಕೊಗೆ ಒಂದೇ ದಿನಲ್ಲಿ ಹೋಗಿ ಬಪ್ಪ ಹಾಂಗಿಪ್ಪ ಜಾಗೆ ಆಯೆಕ್ಕು. ಪುತ್ತೂರು, ವಿಟ್ಲ, ಬದಿಯಡ್ಕ, ಕುಂಬಳೆ ಹೊಡೆಲಿಪ್ಪ ನವಗೆ ಇದೆರಡೂ ಒಟ್ಟಿಂಗೆ ಸಿಕ್ಕುದು ಬೇಕಲಲ್ಲಿ. ಕಡಲೂ ಇದ್ದು, ಕೋಟೆಯೂ ಇದ್ದು, ಮಕ್ಕೊಗೆ ಓಡ್ಲೆ ಹುಲ್ಲಿನ ಜಾಗೆಯೂ ಇದ್ದು. ಹಾಂಗಾಗಿ ಸುಮಾರು ಜೆನ ಅಲ್ಲಿಗೇ ಹೆರಡ್ತವು. ಹೋಪದು ಒಳ್ಳೆದೇ. ಆದರೆ ಹೆರಡುವ ಕ್ರಮ ಇದ್ದನ್ನೆ, ಅದರ ಬಗ್ಗೆ ಎನಗೆ ರಜ ಹೇಳ್ಲಿದ್ದು.

ಈಗಾಣ ಕ್ರಮ ಹೇಂಗೆ ಹೇಳಿರೆ, ಒಂದು ದಿನಕ್ಕೆ ನಾಲ್ಕು ಜಾಗೆ. ಉದಿಯಪ್ಪಗ ಅನಂತಪುರ, ಅಲ್ಲಿಂದ ಮಧೂರು, ಮಧ್ಯಾಹ್ನಕ್ಕೆ ಬೇಕಲ, ಹೊತ್ತೋಪಗ ಪಳ್ಳಿಕ್ಕರೆ ಬೀಚು, ಇರುಳು ಮನೆ. ಇದಕ್ಕಾಗಿ ಮನೆಯ ಹೆಮ್ಮಕ್ಕೊ ಮೂರು ಗಂಟಗೆ ಎದ್ದು ಇಡ್ಲಿಯೋ ಚಿತ್ರಾನ್ನವೋ ಮಾಡಿ, ಕುಪ್ಪಿಗೊಕ್ಕೆ ನೀರು ತುಂಬುಸಿ, ಮಕ್ಕಳ ವಸ್ತ್ರ, ವಾಂತಿ ಮಾತ್ರೆ, ಬೈರಾಸು ಹೇಳಿ ಚೀಲ ಕಟ್ಟಿ, ಕಾರಿಲಿ ಕೂದಪ್ಪದ್ದೆ ಒರಗುತ್ತವು. ಬೇಕಲಕ್ಕೆ ಎತ್ತುವಗ ಗಂಟೆ ಒಂದೂವರೆ. ತಲೆ ಮೇಲೆ ಬೆಶಿಲು, ಕಾಲಡಿಲಿ ಕಾದ ಮುರಕಲ್ಲು. ಇಪ್ಪತ್ತು ನಿಮಿಷಲ್ಲಿ ನಾಲ್ಕು ಪಟ ತೆಗದು "ನೋಡಿ ಆತು" ಹೇಳಿ ಹೆರ ಬಪ್ಪದು. ಅಜ್ಜಿ ಮನೆಲಿ, ಅಲ್ಲದ್ದರೆ ಕಾರಿಲಿ. ಎನ್ನ ಲೆಕ್ಕಲ್ಲಿ ಇದಕ್ಕೆ ಹೋಗಿ ಬಂದದು ಹೇಳ್ಲಕ್ಕು, ನೋಡಿದ್ದು ಹೇಳ್ಲೆ ಎಡಿಯ.

ಆನು ಹೇಳುದು ಮೂರೇ ಸಂಗತಿ. ಒಂದು ದಿನಕ್ಕೆ ಒಂದೇ ಜಾಗೆ ಮಡಿಕ್ಕೊಳ್ಳಿ. ಮನೆಲಿ ಆರು ಎಲ್ಲೋರಿಂದ ಮೆಲ್ಲಂಗೆ ನೆಡೆತ್ತವೋ, ಅವರ ಕಾಲಿನ ಲೆಕ್ಕಲ್ಲಿ ಹೊತ್ತು ನಿಘಂಟು ಮಾಡಿ. ಮತ್ತೆ ಅಡಿಗೆ ಮಾಡುವೋರಿಂಗೂ ಅಂದು ರಜೆ ಇರಲಿ.

ಬೇಕಲಕ್ಕೇ ಒಂದು ದಿನ ಎಂತಗೆ ಹೇಳಿ ಕೆಲವು ಜೆನ ಕೇಳುಗು. ಸುಮಾರು 40 ಎಕರೆ ಜಾಗೆ ಅದು, ಕೇರಳಲ್ಲಿಪ್ಪ ಕೋಟೆಗಳಲ್ಲಿ ಎಲ್ಲೋದಕ್ಕಿಂತ ದೊಡ್ಡದು. ಕಟ್ಟುಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಹೊತ್ತಿಂಗೆ. ಮಲೆನಾಡಿನ ರಾಜಂಗೆ ಇಷ್ಟು ದೂರದ ಕಡಲ ಕರೆಲಿ ಕೋಟೆ ಎಂತಗೆ ಬೇಕಾತು? ಗೆಣಮೆಣಸು, ಅಕ್ಕಿ ಎಲ್ಲ ಹಡಗಿಲಿ ಹೆರ ಹೋಗಿಯೊಂಡಿದ್ದದು ಈ ಕರಾವಳಿಂದಲೇ. ಕಡಲ ಕರೆ ಕೈಲಿದ್ದರೆ ವ್ಯಾಪಾರವೂ ಕೈಲಿದ್ದ ಹಾಂಗೆ. 1763ರಲ್ಲಿ ಹೈದರಾಲಿ ಬಿದನೂರಿನ ಹಿಡುದ ಮತ್ತೆ ಕೋಟೆ ಮೈಸೂರಿನೋರ ಕೈಗೆ ಹೋತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷಿನೋರ ಕೈಗೆ. ಅವರ ಕಾಲಲ್ಲಿ ಬೇಕಲ ಹೇಳುದು ಒಂದು ತಾಲೂಕಿನ ಹೆಸರೂ ಆಗಿತ್ತು. 1956ರ ನವೆಂಬರ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತ್ತು, 1984ರಲ್ಲಿ ಅದುವೇ ಒಂದು ಜಿಲ್ಲೆ ಆತು. ಈಗ ಕೋಟೆಯ ನೋಡಿಗೊಂಬದು ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ. ಇಷ್ಟು ಕತೆಯ ಹೋಪ ದಾರಿಲಿ ಕಾರಿಲಿಯೇ ಮಕ್ಕೊಗೆ ಹೇಳಿಕ್ಕಿ. ಕತೆ ಗೊಂತಿಲ್ಲದ್ದೆ ಹೋದರೆ ಕೋಟೆ ಹೇಳಿರೆ ಬರೇ ಕಲ್ಲಿನ ಗೋಡೆ.

ಒಳ ಹೋಗಿಕ್ಕಿ ಅರಮನೆ ಎಲ್ಲಿ ಹೇಳಿ ಹುಡ್ಕೆಡಿ. ಅಲ್ಲಿ ಅರಮನೆ ಇಲ್ಲೆ, ಕಾವಲಿಂಗೆ ಹೇಳಿಯೇ ಕಟ್ಟಿದ ಕೋಟೆ ಅದು. ಬಾಗಿಲಿನ ಹತ್ತರೆ ಆಂಜನೇಯನ ಗುಡಿ ಇದ್ದು, ಕೈ ಮುಗುದಿಕ್ಕಿ ಹೋಪಲಕ್ಕು. ಒಳ ಹೋಪ ದಾರಿ ಸೀದಾ ಇಲ್ಲೆ, ತಿರುಗಿ ಹೋವುತ್ತು. ವೈರಿಗೊ ಒಂದೇ ಸರ್ತಿ ನುಗ್ಗಲಾಗ ಹೇಳಿ ಹಾಂಗೆ ಮಾಡಿದ್ದು. ಗೋಡೆಲಿಪ್ಪ ಒಟ್ಟೆಗಳ ಮಕ್ಕೊಗೆ ತೋರ್ಸಿ. ಮೇಲಾಣ ಒಟ್ಟೆಂದ ದೂರಲ್ಲಿಪ್ಪ ವೈರಿಗೆ, ಅದರಿಂದ ಕೆಳಾಣದ್ದರಿಂದ ರಜ ಹತ್ತರೆ ಬಂದೋರಿಂಗೆ, ಅಡಿಯಾಣದ್ದರಿಂದ ಕೋಟೆ ಬುಡಕ್ಕೇ ಎತ್ತಿದೋರಿಂಗೆ ಗುರಿ ಮಡುಗುದು. ಇದರ ಹೇಳಿಕೊಟ್ಟರೆ ಮಕ್ಕೊ ಒಂದೊಂದೇ ಒಟ್ಟೆಲಿ ಕಣ್ಣು ಮಡುಗಿ ನೋಡ್ತವು, ಮೊಬೈಲು ಕೇಳ್ತವಿಲ್ಲೆ. ಮೆಟ್ಲಿಪ್ಪ ಕೆರೆ ಇದ್ದು, ಮದ್ದುಗುಂಡು ಮಡುಗುವ ಕೋಣೆ ಇದ್ದು, ನೆಡುಗೆ ಒಂದು ದೊಡ್ಡ ಬುರುಜು ಇದ್ದು. ಬುರುಜಿಂಗೆ ಹತ್ತುಲೆ ಅಗಲದ ಇಳಿಜಾರು ದಾರಿ. ಮೇಲೆ ನಿಂದು ನೋಡಿರೆ ಒಂದು ಹೊಡೆಂಗೆ ಕಡಲು, ಇನ್ನೊಂದು ಹೊಡೆಂಗೆ ತೆಂಗಿನ ತೋಟ. ಮಣಿರತ್ನಂ ಅವರ "ಬಾಂಬೆ" ಸಿನೆಮಾದ ಪದ್ಯ ಒಂದರ ಇಲ್ಲಿಯೇ ತೆಗದ್ದು, 1995ರಲ್ಲಿ ಬಂದ ಸಿನೆಮಾ ಅದು. ನಮ್ಮ ಪ್ರಾಯದೋರಿಂಗೆ ಆ ಮಳೆ, ಆ ಗಾಳಿ ನೆಂಪಿಕ್ಕು.

ಇನ್ನು ಅಜ್ಜಿಯ ವಿಷಯ. "ಆನು ಬತ್ತಿಲ್ಲೆ, ನಿಂಗೊ ಹೋಗಿ, ಆನು ಮನೆ ನೋಡಿಗೊಳ್ತೆ" ಹೇಳಿ ಹೇಳದ್ದ ಅಜ್ಜಿ ಆರ ಮನೆಲಿ ಇದ್ದು? ಆ ಮಾತಿನ ಕೇಳಿದ ಕೂಡ್ಲೇ ನಾವುದೇ "ಅಪ್ಪು, ಅವಕ್ಕೆ ಎಡಿಯ" ಹೇಳಿ ಚೀಲ ಕಟ್ಟುತ್ತು. ಒಂದು ಸರ್ತಿ ಹೇಳಿದ್ದು ಬರೇ ಸಂಕೋಚಕ್ಕೆ. ಎರಡ್ಣೇ ಸರ್ತಿ ಕೇಳೆಕ್ಕು. ಮೂರ್ನೇ ಸರ್ತಿ, ಬಙ ಎಂತರ ಹೇಳಿ ಕೇಳೆಕ್ಕು. ಎನ್ನ ಅತ್ತೆಯ ಹತ್ತರೆ ಹಾಂಗೆ ಕೇಳಿಯಪ್ಪಗ ಅವು ಮೆಲ್ಲಂಗೆ ಹೇಳಿದವು, "ಕಾಲು ಬೇನೆ ಅಲ್ಲ ಕೂಸೇ, ದಾರಿಲಿ ಪಾಯಿಖಾನೆಗೆ ಹೋಯೆಕ್ಕಾರೆ ಎಂತ ಮಾಡುದು?"

ಇದುವೇ ಸತ್ಯ. ನಮ್ಮ ಪ್ರಾಯಸ್ಥ ಹೆಮ್ಮಕ್ಕಳ ಮನೆಲಿ ಕೂರ್ಸುದು ಹೆಚ್ಚಾಗಿ ಮೊಳಪ್ಪು ಅಲ್ಲ, ಈ ಹೆದರಿಕೆ. ಹೆರಟರೂ ಉದಿಯಪ್ಪಂದ ಹೊತ್ತೋಪನ್ನಾರ ಒಂದು ಗ್ಲಾಸು ನೀರು ಕುಡಿಯದ್ದೆ ಕೂರ್ತವು. ಮರದಿನ ಉರಿಮೂತ್ರ, ತಲೆತಿರುಗುದು, ಡಾಕ್ಟ್ರ ಮನೆ. ಮತ್ತೆ ನಾವು ಹೇಳ್ತು, "ಅಂದೇ ಹೇಳಿದ್ದೆ, ಅವಕ್ಕೆ ತಿರುಗಾಟ ಆಗ" ಹೇಳಿ. ತಿರುಗಾಟ ಆಗದ್ದದಲ್ಲ, ನೀರು ಕುಡಿಯದ್ದದು. ಹಾಂಗಾಗಿ ದಾರಿ ನಿಘಂಟು ಮಾಡುವಗ ಊಟದ ಜಾಗೆಂದ ಮದಲು ಪಾಯಿಖಾನೆಯ ಜಾಗೆ ನಿಘಂಟು ಮಾಡಿ. ಕಾಸರಗೋಡು ಪೇಟೆಲಿ ಒಂದು ಒಳ್ಳೆ ಹೋಟ್ಲು ನೋಡಿ ಕಾಪಿ ಕುಡುದು, ಅಲ್ಲಿಯೇ ಎಲ್ಲೋರೂ ಹೋಗಿ ಬನ್ನಿ. ಅಲ್ಲಿಂದ ಕೋಟಗೆ ಸುಮಾರು 16 ಕಿಲೋಮೀಟರು, ದೊಡ್ಡ ದೂರ ಅಲ್ಲ. ಇದರ ಗೆಂಡುಮಕ್ಕಳ ಎದುರು ಹೇಳ್ಲೆ ನಾಚಿಕೆ ಬೇಡ. ಕಾರು ಬಿಡುವೋರಿಂಗೆ ಪೆಟ್ರೋಲು ಬಂಕು ಎಲ್ಲಿದ್ದು ಹೇಳಿ ಗೊಂತಿಪ್ಪಗ ಇದುದೇ ಗೊಂತಿರೆಕ್ಕು.

ಕಳುದ ದಶಂಬರಲ್ಲಿ ಅತ್ತೆಯ ಹಾಂಗೆಯೇ ಕರಕ್ಕೊಂಡು ಹೋದೆಯೊ. ಅವು ಬುರುಜು ಹತ್ತಿದ್ದವಿಲ್ಲೆ. ಹುಲ್ಲಿನ ಮೇಲೆ ನೆರಳಿಲಿ ಬೈರಾಸು ಹಾಸಿ ಕೂದವು. ಪುಳ್ಳಿ ಓಡಿ ಓಡಿ ಹೋಗಿ ಮೇಲೆ ಎಂತ ಕಾಣ್ತು ಹೇಳಿ ವರದಿ ತಂದುಗೊಂಡಿತ್ತಿದ್ದ. ಅತ್ತೆಯ ಅಪ್ಪನ ಮನೆ ಕಾಸರಗೋಡಿನ ಹತ್ತರೆ, 1956ರಲ್ಲಿ ಅವಕ್ಕೆ ಹತ್ತು ವರ್ಷ. "ಎಂಗೊ ಎಲ್ಲಿಗೂ ಹೋಯಿದಿಲ್ಲೆ ಮಗಾ, ಕೂದಲ್ಲಿಯೇ ಕೂದಿತ್ತಿದ್ದೆಯೊ, ರಾಜ್ಯವೇ ಆಚೊಡೆಂಗೆ ಹೋತು" ಹೇಳಿ ಪುಳ್ಳಿಗೆ ಹೇಳಿದವು. ಅವ ಶಾಲೆಲಿ ರಾಜ್ಯಂಗಳ ವಿಂಗಡಣೆ ಹೇಳಿ ಕಂಠಪಾಠ ಮಾಡಿದ್ದ, ಆದರೆ ಅದು ಅವನ ಅಜ್ಜಿಗೆ ಆದ್ದು ಹೇಳಿ ಅಂದೇ ಗೊಂತಾದ್ದು. ಕನ್ನಡದ ರಾಜ ಕಟ್ಟುಸಿದ ಕೋಟೆ ಈಗ ಕೇರಳಲ್ಲಿ ಹೇಂಗೆ ಇದ್ದು ಹೇಳಿ ಯೇವ ಬೋರ್ಡುದೇ ಹಾಂಗೆ ಹೇಳಿಕೊಡ. ಆ ದಿನ ಅಜ್ಜಿಯ ಮನೆಲಿ ಬಿಟ್ಟಿದ್ದರೆ ಪುಳ್ಳಿ ಬರೇ ಗೋಡೆ ನೋಡಿ ಬತ್ತಿತ್ತಿದ್ದ.

ಹೊತ್ತಿನ ವಿಷಯ ಹೇಳಿರೆ, ಮಳೆಗಾಲ ಕಳುದು ನವೆಂಬರಿಂದ ಫೆಬ್ರವರಿ ಒಳ ಹೋಪದು ಒಳ್ಳೆದು. ಮಳೆಲಿ ಕೋಟೆ ಚೆಂದವೇ, ಆದರೆ ಮುರಕಲ್ಲಿಲಿ ಪಾಚಿ ಹಿಡುದು ಜಾರ್ತು, ಕಡಲುದೇ ಜೋರಿರ್ತು. ಪ್ರಾಯ ಆದೋರಿಂಗೂ ಸಣ್ಣ ಮಕ್ಕೊಗೂ ಅಂಬಗ ಬೇಡ. ಮನೆಂದ ಊಟ ಮಾಡಿಯೇ ಹೆರಟು ಮೂರು ಗಂಟಗೆ ಕೋಟಗೆ ಎತ್ತಿರೆ ಬೆಶಿಲು ರಜ ತಗ್ಗಿರ್ತು. ಹೊತ್ತೋಪಗ ಬಾಗಿಲು ಹಾಕ್ತವು. ಹೊತ್ತು ಕಂತುದರ ಹತ್ತರೆಯೇ ಇಪ್ಪ ಪಳ್ಳಿಕ್ಕರೆ ಬೀಚಿಲಿ ಕೂದು ನೋಡ್ಲಕ್ಕು. 15 ವರ್ಷಂದ ಸಣ್ಣ ಮಕ್ಕೊಗೆ ಟಿಕೇಟು ಇಲ್ಲೆ. ದೊಡ್ಡೋರ ಟಿಕೇಟಿನ ಕ್ರಯ, ಬಾಗಿಲು ಹಾಕುವ ಹೊತ್ತು ಬದಲಿಗೊಂಡಿರ್ತು, ಹೆರಡುವ ಮದಲು ಮಕ್ಕಳ ಹತ್ತರೆ ಮೊಬೈಲಿಲಿ ನೋಡ್ಲೆ ಹೇಳಿ. ಗೋಡೆ ಕರೆಲಿ ನಿಂದು ಪಟ ತೆಗವಗ ಮಕ್ಕಳ ಕೈ ಬಿಡೆಡಿ, ಕೆಳ ಬಂಡೆಯೂ ಕಡಲೂ ಇದ್ದು.

ಊಟ ಮಾಡಿ ಹೆರಡಿ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದ್ದು. ಪುರಾತತ್ವ ಇಲಾಖೆಯ ಸ್ಮಾರಕಂಗಳ ಒಳ, ಅವು ಹೇಳಿ ಮಡುಗಿದ ಜಾಗೆಲಿ ಅಲ್ಲದ್ದೆ ಬೇರೆಲ್ಲಿಯೂ ಬುತ್ತಿ ಬಿಡುಸಿ ತಿಂಬ ಹಾಂಗಿಲ್ಲೆ. ಮೂರು ಗಂಟಗೆ ಎದ್ದು ಮಾಡಿದ ಚಿತ್ರಾನ್ನವ ಕೋಟೆ ಒಳ ತಿಂಬಲೆ ಎಡಿತ್ತಿಲ್ಲೆ ಹೇಳಿ ಆದ ಮತ್ತೆ ಅಷ್ಟು ಬಙ ಬಪ್ಪದು ಎಂತಗೆ? ನೀರು, ಎರಡು ಬಾಳೆಹಣ್ಣು, ಒಂದು ಡಬ್ಬಿ ಅವಲಕ್ಕಿ ಸಾಕು, ಅದನ್ನೂ ಬೀಚಿಲಿ ಕೂದು ತಿಂಬಲಕ್ಕು. ಇರುಳಿಂಗೆ ಹೋಟ್ಲು. ಒಂದು ದಿನದ ಹೋಟ್ಲಿನ ಪೈಸೆಂದ ಆರ ಮನೆಯೂ ಮುಳುಗ. ತಿಂದ ಕಸವ ಚೀಲಲ್ಲಿ ಕಟ್ಟಿ ಮನಗೆ ತನ್ನಿ, ಕಡಲಿಂಗೆ ಇಡುಕ್ಕೆಡಿ.

"ಅಷ್ಟು ದೂರ ಹೋಪಗ ಒಂದೇ ಜಾಗೆ ನೋಡಿ ಬಂದರೆ ಪೆಟ್ರೋಲು ದಂಡ" ಹೇಳಿ ಮನೆಯೋರು ಹೇಳುಗು. ಅವು ಹೇಳುದು ತಪ್ಪು ಹೇಳಿ ಅಲ್ಲ, ಮಂಗಳೂರಿಂದಲೇ ಬೇಕಲಕ್ಕೆ ಸುಮಾರು 65 ಕಿಲೋಮೀಟರು ಇದ್ದು. ಆದರೆ ನಾಲ್ಕು ಜಾಗೆ ಓಡಿ, ನಾಲ್ಕರಲ್ಲಿಯೂ ಎಂತದೂ ನೋಡದ್ದೆ ಬಂದರೆ ಪೆಟ್ರೋಲು ಅಂಬಗಳೇ ದಂಡ. ಅನಂತಪುರ, ಮಧೂರು ಎಲ್ಲಿಗೂ ಓಡಿ ಹೋವುತ್ತಿಲ್ಲೆ. ಅದಕ್ಕೆ ಇನ್ನೊಂದು ದಿನ ಹೋಪಲಕ್ಕು. ಕಾರು ಇಲ್ಲದ್ದೋರು ರೈಲಿಲಿ ಕಾಸರಗೋಡಿಂಗೋ ಕಾಂಞಂಗಾಡಿಂಗೋ ಬಂದು, ಚಂದ್ರಗಿರಿ ದಾರಿಯ ಬಸ್ಸು ಹತ್ತಿರೆ ಕೋಟೆ ಹತ್ತರೆಯೇ ಇಳಿವಲಕ್ಕು. ಬೇಕಲ ಫೋರ್ಟ್ ಹೇಳಿ ಸಣ್ಣ ಸ್ಟೇಷನೂ ಇದ್ದು, ಆದರೆ ಎಲ್ಲ ರೈಲು ನಿಲ್ಲುತ್ತಿಲ್ಲೆ.

ಅಕ್ಕಂದ್ರೇ, ತಂಗೆಕ್ಕಳೇ, ಈ ರಜೆಲಿ ಆರಾರೂ ಬೇಕಲಕ್ಕೆ ಹೆರಡುದಿದ್ದರೆ ಪಟ್ಟಿ ಮಾಡುವಗ ಮದಾಲು ಅಜ್ಜಿಯ ಹೆಸರು ಬರೆಯಿರಿ, ಕಡೆಂಗೆ ತಿಂಡಿಯ ಹೆಸರು. ಎರಡು ಸರ್ತಿ ಬತ್ತಿಲ್ಲೆ ಹೇಳಿದರೂ ಮೂರ್ನೇ ಸರ್ತಿ ಕೇಳಿ. ಮತ್ತೆ ದಾರಿಲಿ ಅವಕ್ಕೆ ಮರೆಯದ್ದೆ ನೀರು ಕೊಡಿ.