ಗೋಡೆಗೆ ತೂಗುಹಾಕಿದ ಕಾಯಕ



ನಮ್ಮ ಮಠಗಳು, ಮಠಗಳ ಟ್ರಸ್ಟುಗಳು, ಸಮಾಜದ ಸಂಘ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಉದ್ಘಾಟನೆಯ ಸುದ್ದಿ, ಉಚಿತ ಶಿಬಿರದ ಸುದ್ದಿ, ದಾನಿಗಳ ಸನ್ಮಾನದ ಸುದ್ದಿ. ಅವೆಲ್ಲ ಬರಬೇಕು, ಬರಲಿ. ನಾನು ಬರೆಯುತ್ತಿರುವುದು ಅದೇ ಆಸ್ಪತ್ರೆಯ ಒಂದು ಕಿಟಕಿಯ ಬಗ್ಗೆ. ವೈದ್ಯರ ಚೀಟಿ ಒಳಗೆ ಹೋಗಿ ಔಷಧ ಹೊರಗೆ ಬರುವ ಕಿಟಕಿ ಅದು. ಆ ಕಿಟಕಿಯ ಹಿಂದೆ ಯಾರು ನಿಂತಿದ್ದಾರೆ ಎಂದು ನಾವು ಕೇಳುತ್ತಿಲ್ಲ. ಆಸ್ಪತ್ರೆಗಳ ಔಷಧಾಲಯದಲ್ಲಿ ಮೂರು ದಶಕ ದುಡಿದು ನಿವೃತ್ತನಾದ ನಾನು ಕೇಳಬೇಕಾಗಿದೆ. ಕೇಳಿದರೆ ಕೆಲವರಿಗೆ ಬೇಸರವಾಗುತ್ತದೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಅನೇಕ ಕಡೆ ಕಾಣುವುದು ಇಷ್ಟು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಬಸವಣ್ಣನವರ ಭಾವಚಿತ್ರ, ಪಕ್ಕದಲ್ಲಿ ಪೂಜ್ಯರ ಭಾವಚಿತ್ರ, ಅದರ ಪಕ್ಕದಲ್ಲಿ ನೋಂದಾಯಿತ ಫಾರ್ಮಾಸಿಸ್ಟರ ಪ್ರಮಾಣಪತ್ರ. ಪ್ರಮಾಣಪತ್ರದ ಮೇಲೆ ಹೆಸರಿದೆ, ನೋಂದಣಿ ಸಂಖ್ಯೆ ಇದೆ. ಆ ಹೆಸರಿನ ಮನುಷ್ಯ ಮಾತ್ರ ಅಲ್ಲಿಲ್ಲ. ಆತ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ತಿಂಗಳಿಗೊಮ್ಮೆ ಬಂದು ರಿಜಿಸ್ಟರಿಗೆ ಸಹಿ ಹಾಕಿ, ತನ್ನ ಕಾಗದದ ಬಾಡಿಗೆ ತೆಗೆದುಕೊಂಡು ಹೋಗುತ್ತಾನೆ. ಕಿಟಕಿಯ ಹಿಂದೆ ನಿಂತು ಗುಳಿಗೆ ಎಣಿಸುತ್ತಿರುವುದು ಹತ್ತನೇ ತರಗತಿ ಮುಗಿಸಿದ ಹುಡುಗ, ಇಲ್ಲವೇ ಆಡಳಿತ ಮಂಡಳಿಯ ಸದಸ್ಯರೊಬ್ಬರ ಸಂಬಂಧಿಕ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ನಿಂತವನು ಅವನು. ಅವನನ್ನು ಅಲ್ಲಿ ನಿಲ್ಲಿಸಿದವರ ಮೇಲೆ ಸಿಟ್ಟಿದೆ.

ಸ್ಥಾವರವನ್ನು ಒಪ್ಪದೆ ಜಂಗಮವನ್ನು ಎತ್ತಿಹಿಡಿದ ಧರ್ಮ ನಮ್ಮದು ಎಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೇವೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಈ ಕಾಗದಕ್ಕಿಂತ ದೊಡ್ಡ ಸ್ಥಾವರ ಯಾವುದಿದೆ? ರೋಗಿಯ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ತಪ್ಪು ಚೀಟಿ ಬಂದರೆ ತಡೆಯುವುದಿಲ್ಲ. ಇನ್ಸ್‌ಪೆಕ್ಟರ್ ಬಂದಾಗ ತೋರಿಸಲು ಮಾತ್ರ ಅದು ಉಪಯೋಗ.

ಕಾನೂನು ಏನು ಹೇಳುತ್ತದೆ ಎಂಬುದರಲ್ಲಿ ಗೊಂದಲವಿಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು, ವೈದ್ಯರ ಚೀಟಿಯ ಮೇಲೆ ಔಷಧ ತಯಾರಿಸುವುದು, ಬೆರೆಸುವುದು, ಕೊಡುವುದು ನೋಂದಾಯಿತ ಫಾರ್ಮಾಸಿಸ್ಟರ ಕೆಲಸ, ಬೇರೆಯವರು ಮಾಡಿದರೆ ಅಪರಾಧ ಎನ್ನುತ್ತದೆ. 1945ರ ಔಷಧ ನಿಯಮಗಳ 65ನೇ ನಿಯಮ, ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟರೇ ಕೊಡಬೇಕು, ಇಲ್ಲವೇ ಅವರು ಖುದ್ದಾಗಿ ನಿಂತು ನೋಡಿಕೊಳ್ಳುತ್ತಿರುವಾಗ ಕೊಡಬೇಕು ಎನ್ನುತ್ತದೆ. ಖುದ್ದಾಗಿ ಎಂಬ ಮಾತಿಗೆ ಫೋನಿನಲ್ಲಿ ಎಂಬ ಅರ್ಥವಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಇನ್ನೂ ಮುಂದೆ ಹೋಗಿವೆ. ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದನ್ನು ಅವು ಫಾರ್ಮಾಸಿಸ್ಟರ ಕರ್ತವ್ಯದೊಳಗೆ ತಂದಿವೆ. ತಾನು ಕೆಲಸ ಮಾಡದ ಜಾಗಕ್ಕೆ ಪ್ರಮಾಣಪತ್ರ ಕೊಡುವುದನ್ನು ದುರ್ನಡತೆ ಎಂದು ಎಣಿಸಿವೆ.

2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಿಹಾರದ ಒಂದು ಪ್ರಕರಣ ಬಂತು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಾಸಿಸ್ಟರ ಕೆಲಸವನ್ನು ಬೇರೆಯವರು ಮಾಡುತ್ತಿದ್ದಾರೆ ಎಂಬ ದೂರನ್ನು ಪಾಟ್ನಾ ಹೈಕೋರ್ಟು ಹಗುರವಾಗಿ ಮುಗಿಸಿತ್ತು. ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿ, ಜನರ ಆರೋಗ್ಯ ಮತ್ತು ಜೀವದ ಜೊತೆ ಆಟವಾಡಲು ಸರ್ಕಾರಕ್ಕಾಗಲೀ ಫಾರ್ಮಸಿ ಕೌನ್ಸಿಲಿಗಾಗಲೀ ಬಿಡಲಾಗದು ಎಂಬ ನಿಲುವು ತಳೆದು, ಪ್ರಕರಣವನ್ನು ಮತ್ತೆ ವಿಚಾರಣೆಗೆ ಕಳಿಸಿತು. ಸರ್ಕಾರಕ್ಕೇ ಇಲ್ಲದ ರಿಯಾಯಿತಿ ಕಾವಿಗೆ, ಖಾದಿಗೆ, ಟ್ರಸ್ಟಿನ ಲೆಟರ್‌ಹೆಡ್ಡಿಗೆ ಎಲ್ಲಿಂದ ಬಂತು?

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ದಿನದ 24 ಗಂಟೆ ಔಷಧ ದೊರೆಯುತ್ತದೆ ಎಂದು ಬೋರ್ಡು ಹಾಕಿದ ಆಸ್ಪತ್ರೆಯ ಕಿಟಕಿ ವಾರಕ್ಕೆ 168 ಗಂಟೆ ತೆರೆದಿರುತ್ತದೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿದರೆ ಆ ಕಿಟಕಿಗೆ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಹಬ್ಬ ಸೇರಿಸಿದರೆ ನಾಲ್ವರಿಗಿಂತ ಕಡಿಮೆ ಆಗದು. ಒಳರೋಗಿಗಳ ವಾರ್ಡಿಗೆ ಔಷಧ ಕಳಿಸುವುದು, ದಾಸ್ತಾನು ನೋಡುವುದು ಬೇರೆ. ಗೋಡೆಯ ಮೇಲೆ ಒಂದೇ ಒಂದು ಪ್ರಮಾಣಪತ್ರ, ಬಾಗಿಲ ಮೇಲೆ 24 ಗಂಟೆಯ ಬೋರ್ಡು ಎರಡೂ ಒಟ್ಟಿಗೆ ಕಂಡರೆ, ಅವೆರಡರಲ್ಲಿ ಒಂದು ಸುಳ್ಳು. ಇದನ್ನು ಕಂಡುಹಿಡಿಯಲು ಔಷಧ ನಿಯಂತ್ರಕರು ಬರಬೇಕಿಲ್ಲ, ಮಗ್ಗಿ ಬಂದರೆ ಸಾಕು.

"ಗುಳಿಗೆ ಎಣಿಸಿ ಕೊಡಲು ಅಷ್ಟು ಓದು ಯಾಕೆ?" ಎಂದು ಆಡಳಿತ ಮಂಡಳಿಯವರು ಕೇಳುವುದನ್ನು ನಾನೇ ಕೇಳಿದ್ದೇನೆ. ಯಾಕೆಂದು ಹೇಳುತ್ತೇನೆ.

ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಬರೆಯುತ್ತಾರೆ. ಅದನ್ನು ವಾರಕ್ಕೆ ಒಂದು ದಿನ ಮಾತ್ರ ನುಂಗಬೇಕು. ಬೇರೆ ಗುಳಿಗೆಗಳಂತೆ ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿ, ಜೀವ ಹೋಗಬಹುದು. ಜಗತ್ತಿನ ಅನೇಕ ಕಡೆ ಹೀಗೆ ಜನ ಸತ್ತಿದ್ದಾರೆ. ಓದು ಬಾರದ ಅಜ್ಜಿಗೆ "ಸೋಮವಾರ ಮಾತ್ರ ಅಜ್ಜಿ, ಬೇರೆ ದಿನ ಮುಟ್ಟಬೇಡ" ಎಂದು ಎರಡು ಸಲ ಹೇಳಿ, ಅವಳ ಬಾಯಿಂದ ಒಂದು ಸಲ ಹೇಳಿಸಿ ಕಳಿಸಬೇಕಾದವರು ಆ ಕಿಟಕಿಯ ಹಿಂದೆ ಇರಬೇಕಾದ ಫಾರ್ಮಾಸಿಸ್ಟರು.

ಇನ್ಸುಲಿನ್ ನಮ್ಮಲ್ಲಿ ಎರಡು ಬಲದಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಎರಡಕ್ಕೂ ಸಿರಿಂಜು ಬೇರೆ ಬೇರೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ದೇಹಕ್ಕೆ ಹೋಗುವುದು ಬೇಕಾದುದರ ಎರಡೂವರೆ ಪಟ್ಟು. 20 ಯೂನಿಟ್ ಬೇಕಾದವನಿಗೆ 50 ಯೂನಿಟ್. ಸಕ್ಕರೆ ಇಳಿದು ರಾತ್ರಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಎಣಿಸಲು ಮಾತ್ರ ಬಲ್ಲ ಹುಡುಗನಿಗೆ ಎರಡೂ ಸಿರಿಂಜು ಒಂದೇ.

ಗಾಢವಾದ ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ನನ್ನು ಸಲೈನಿನಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ಅದನ್ನು ವಾರ್ಡಿನಲ್ಲಿ ಬೇರೆ ಇಂಜೆಕ್ಷನ್‌ಗಳ ಜೊತೆ ಇಡದೆ ಬೇರೆಯಾಗಿ ಕಾಯುವುದು ಆಸ್ಪತ್ರೆಯ ಔಷಧಾಲಯದ ಹೊಣೆ. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಕರೆಂಟು ಹೋದಾಗ ಫ್ರಿಜ್ಜಿನ ಉಷ್ಣತೆ ಎಷ್ಟಾಯಿತು ಎಂದು ಬರೆದಿಡುವವರು ಯಾರೂ ಇಲ್ಲದಿದ್ದರೆ, ತಾಯಿಗೆ ಕೊಟ್ಟದ್ದು ಔಷಧವೋ ನೀರೋ ಎಂದು ಯಾರಿಗೂ ಗೊತ್ತಾಗದು.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನಾವು ಯಾರೂ ಮರೆತಿಲ್ಲ. ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದು, ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ತಯಾರಿಕೆಯಲ್ಲಿ ಆದ ದೋಷವನ್ನು ಕಿಟಕಿಯ ಹಿಂದೆ ನಿಂತವರು ಕಣ್ಣಲ್ಲಿ ನೋಡಿ ಕಂಡುಹಿಡಿಯಲಾರರು, ನಿಜ. ಆದರೆ ಒಂದು ಬ್ಯಾಚಿನ ಮೇಲೆ ಸಂಶಯ ಬಂದ ಗಳಿಗೆಯಲ್ಲಿ, ಆ ಬ್ಯಾಚಿನ ಬಾಟಲಿ ಯಾವ ವಾರ್ಡಿಗೆ, ಯಾವ ಹಾಸಿಗೆಗೆ ಹೋಗಿದೆ, ಇನ್ನೆಷ್ಟು ಉಳಿದಿದೆ ಎಂದು ಅರ್ಧ ಗಂಟೆಯೊಳಗೆ ಹೇಳುವ ದಾಖಲೆ ಇದ್ದರೆ ಮುಂದಿನ ಜೀವ ಉಳಿಯುತ್ತದೆ. ಬಾಡಿಗೆ ಪ್ರಮಾಣಪತ್ರದ ಔಷಧಾಲಯದಲ್ಲಿ ಆ ದಾಖಲೆ ಇರುವುದಿಲ್ಲ. ಇದ್ದರೂ ತಿಂಗಳ ಕೊನೆಗೆ ಕೂತು ಒಂದೇ ಕೈಯಲ್ಲಿ ಬರೆದದ್ದಾಗಿರುತ್ತದೆ. ಇಂಥದ್ದು ನಮ್ಮ ಮಠದ ಆಸ್ಪತ್ರೆಯಲ್ಲಿ ಆದರೆ ನಾವು ಏನು ಉತ್ತರ ಕೊಡುತ್ತೇವೆ?

ಆಡಳಿತ ಮಂಡಳಿಗಳ ಬಳಿ ಸಿದ್ಧ ಉತ್ತರಗಳಿವೆ. ಒಂದೊಂದಾಗಿ ನೋಡೋಣ.

"ನಮ್ಮದು ಉಚಿತ ಸೇವೆ, ದಾಸೋಹ." ದಾಸೋಹದ ಅನ್ನಕ್ಕೆ ಕಲ್ಲು ಸೇರಿದರೂ ನಡೆಯುತ್ತದೆ ಎಂದು ಯಾವ ಶರಣರು ಹೇಳಿದರು? ಸರ್ಕಾರಿ ಆಸ್ಪತ್ರೆಗೆ ಔಷಧ ಮಾರಾಟದ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟ ನಿಯಮವೂ, ಅರ್ಹ ವ್ಯಕ್ತಿಯ ಮೇಲ್ವಿಚಾರಣೆಯಲ್ಲೇ ಔಷಧ ಕೊಡಬೇಕು ಎಂಬ ಷರತ್ತನ್ನು ಬಿಟ್ಟುಕೊಟ್ಟಿಲ್ಲ. ದುಡ್ಡು ಕೊಡಲಾಗದೆ ಬರುವ ಬಡವನಿಗೆ ಪ್ರಶ್ನಿಸುವ ಧೈರ್ಯವೂ ಕಡಿಮೆ. ಹಾಗಾಗಿ ಉಚಿತ ಕಿಟಕಿಯ ಹಿಂದೆ ಇನ್ನೂ ಹೆಚ್ಚು ಬಲ್ಲವರು ಇರಬೇಕು.

"ಡಾಕ್ಟರು ಇದ್ದಾರಲ್ಲ." ವೈದ್ಯರು ತಮ್ಮ ಸ್ವಂತ ರೋಗಿಗೆ ತಾವೇ ಔಷಧ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಅದು ಟ್ರಸ್ಟಿನ ಕಿಟಕಿಗೆ, ಹತ್ತು ವೈದ್ಯರ ಚೀಟಿಗೆ ಕೊಟ್ಟ ಅವಕಾಶ ಅಲ್ಲ. ಬರೆದವರೇ ತಮ್ಮ ಚೀಟಿಯನ್ನು ಪರೀಕ್ಷಿಸಿದರೆ ತಪ್ಪು ಕಣ್ಣಿಗೆ ಬೀಳುವುದು ಕಡಿಮೆ. ಎರಡನೇ ಕಣ್ಣು ಬೇಕು ಎಂದೇ ಈ ಕೆಲಸ ಹುಟ್ಟಿದ್ದು.

"ಜನ ಸಿಗುವುದಿಲ್ಲ." ಇದನ್ನು ಯಾರು ಬೇಕಾದರೂ ಹೇಳಲಿ, ನಾವು ಹೇಳಬಾರದು. ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ಮೈಸೂರಿನಲ್ಲೂ ಊಟಿಯಲ್ಲೂ ಫಾರ್ಮಸಿ ಕಾಲೇಜು ನಡೆಸುತ್ತಿದೆ. ಫಾರ್ಮಾಸಿಸ್ಟರು ವಾರ್ಡಿಗೆ ಹೋಗಿ ರೋಗಿಯ ಹಾಸಿಗೆಯ ಪಕ್ಕ ನಿಂತು ಔಷಧ ಪರಿಶೀಲಿಸುವ ಪದ್ಧತಿಯನ್ನು ಈ ದೇಶದಲ್ಲಿ ಮೊದಮೊದಲು ಕಲಿಸಿದ ಕಾಲೇಜುಗಳಲ್ಲಿ ಅವೂ ಸೇರಿವೆ. ಬೆಳಗಾವಿಯ ಕೆಎಲ್‌ಇ ಸಂಸ್ಥೆಗೂ ತುಮಕೂರಿನ ಸಿದ್ಧಗಂಗೆಗೂ ಫಾರ್ಮಸಿ ಕಾಲೇಜುಗಳಿವೆ. ಡಿ.ಫಾರ್ಮಾ ಎಂದರೆ ಎರಡು ವರ್ಷದ ಓದು, ಅದರ ಮೇಲೆ 500 ಗಂಟೆಯ ತರಬೇತಿ. ಈ ಓದು ಮುಗಿಸಿದ ಮಕ್ಕಳು ನಮ್ಮ ಸಮಾಜದ ಕಾಲೇಜುಗಳಿಂದಲೇ ಪ್ರತಿವರ್ಷ ಹೊರಬರುತ್ತಿದ್ದಾರೆ. ಸಿಗದಿರುವುದು ಜನರಲ್ಲ, ನಾವು ಕೊಡಲೊಲ್ಲದ ಸಂಬಳ.

ನಿಜವಾದ ಕಾರಣ ಬೇರೆಯೇ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಸ್ಪತ್ರೆಯ ಔಷಧ ಅಂಗಡಿ ಎಂದರೆ ನಮ್ಮ ಮಂಡಳಿಗಳ ಕಣ್ಣಿಗೆ ಆದಾಯದ ಮೂಲ. ಹೆಚ್ಚು ಬಾಡಿಗೆ ಕೂಗಿದವರಿಗೆ ಅದನ್ನು ವಹಿಸಿಕೊಡುತ್ತಾರೆ. ಬಂದ ದುಡ್ಡಿನಲ್ಲಿ ಕಲ್ಯಾಣ ಮಂಟಪಕ್ಕೆ ಗ್ರಾನೈಟ್ ಹಾಸುತ್ತಾರೆ. ಹೆಚ್ಚು ಕೂಗಿ ಹಿಡಿದವನು ಆ ದುಡ್ಡನ್ನು ಎಲ್ಲಿಂದ ತೆಗೆಯಬೇಕು? ಸಿಬ್ಬಂದಿಯ ಸಂಬಳದಿಂದ ತೆಗೆಯುತ್ತಾನೆ, ಇಲ್ಲವೇ ರೋಗಿಯ ಜೇಬಿನಿಂದ. ಮಠದ ಹೆಸರು ನಂಬಿ ಬಂದ ರೋಗಿಗೆ ಆ ಕಿಟಕಿ ಮಠದ್ದಲ್ಲ ಎಂಬುದೂ ತಿಳಿದಿರುವುದಿಲ್ಲ.

ಪ್ರಮಾಣಪತ್ರ ಬಾಡಿಗೆಗೆ ಕೊಡುವ ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ಅವರಲ್ಲಿ ಲಿಂಗ ಕಟ್ಟಿಕೊಂಡವರೂ ಇದ್ದಾರೆ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ, ತಿರುಗಿ ಸುರಿದು ಬಾ ಎಂದು ಕಳಿಸಿದಳು. ಮಾರಯ್ಯನಾದರೋ ಬಗ್ಗಿ ಆಯ್ದು ತಂದಿದ್ದ. ನೀವು ಬಗ್ಗದೆ, ಆಯದೆ, ಆ ಊರಿಗೇ ಹೋಗದೆ ಕೂಲಿ ತರುತ್ತಿದ್ದೀರಿ. ಆ ಅಕ್ಕಿಯನ್ನು ಲಕ್ಕಮ್ಮ ಹೊಸ್ತಿಲು ದಾಟಿಸುತ್ತಿರಲಿಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಇದ್ದ. ಔಷಧ ಕೊಡುವ ಕೈಗೆ ಅನುಭವ ಮಂಟಪದಲ್ಲಿ ಜಾಗವಿತ್ತು. ಆ ಜಾಗವನ್ನು ತಿಂಗಳ ಬಾಡಿಗೆಗೆ ಬಿಟ್ಟುಕೊಡಬೇಡಿ.

ಕೊನೆಯದಾಗಿ, ಏನು ಮಾಡಬೇಕು ಎಂಬುದು.

ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲೇ ತೀರ್ಮಾನಿಸಲಿ. ಕಿಟಕಿ ತೆರೆದಿರುವ ಪ್ರತಿ ಗಂಟೆಗೂ ನೋಂದಾಯಿತ ಫಾರ್ಮಾಸಿಸ್ಟರು ಅಲ್ಲಿರಬೇಕು. ಅಷ್ಟು ಜನರಿಗೆ ಸಂಬಳ ಕೊಡಲು ಆಗದಿದ್ದರೆ ಕಿಟಕಿಯ ವೇಳೆ ಕಡಿಮೆ ಮಾಡಿ, ಬೋರ್ಡನ್ನೂ ಬದಲಿಸಲಿ. ರಾತ್ರಿಯ ತುರ್ತಿಗೆ ಬೇಕಾಗುವ ಔಷಧಗಳನ್ನು ಕರ್ತವ್ಯದಲ್ಲಿರುವ ವೈದ್ಯರೇ ತಮ್ಮ ರೋಗಿಗೆ ಕೊಡಲಿ. ಅರೆಹೊಟ್ಟೆಯ ಪ್ರಾಮಾಣಿಕತೆ ತುಂಬು ಹೊಟ್ಟೆಯ ಸುಳ್ಳಿಗಿಂತ ಮೇಲು. ಅಂಗಡಿಯನ್ನು ಹರಾಜಿಗೆ ಇಡುವುದನ್ನು ನಿಲ್ಲಿಸಿ ಆಸ್ಪತ್ರೆಯೇ ನಡೆಸಲಿ. ಚೀಟಿಯಲ್ಲಿ ಸಂಶಯ ಬಂದಾಗ ವೈದ್ಯರನ್ನು ಕೇಳುವ ಅಧಿಕಾರವನ್ನು ಫಾರ್ಮಾಸಿಸ್ಟರಿಗೆ ಬರವಣಿಗೆಯಲ್ಲಿ ಕೊಡಲಿ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ನಂಬಿದವರ ಆಸ್ಪತ್ರೆಯಲ್ಲಿ ಔಷಧ ಕೊಡುವವರು ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ಪೂಜ್ಯರಲ್ಲಿ ನನ್ನ ಅರಿಕೆ ಇಷ್ಟೇ. ಹೊಸ ಕಟ್ಟಡದ ಅಡಿಗಲ್ಲಿಗೆ ಹೋಗುವ ಮುನ್ನ ಹಳೆಯ ಕಟ್ಟಡದ ಔಷಧದ ಕಿಟಕಿಗೆ ಒಮ್ಮೆ, ಮೊದಲೇ ತಿಳಿಸದೆ, ದಯಮಾಡಿಸಬೇಕು.

ಭಕ್ತರು ನೀವು ಕೇಳಬೇಕು. ಗೋಡೆಯ ಪ್ರಮಾಣಪತ್ರದಲ್ಲಿರುವ ಹೆಸರು ಓದಿ, "ಇವರು ಎಲ್ಲಿದ್ದಾರೆ ಅಣ್ಣಾ?" ಎಂದು ಕೇಳಿ. ಕೇಳಿದರೆ ಮಠಕ್ಕೆ ಅವಮಾನವಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಪ್ರಶ್ನೆ ಕೇಳಿಯೇ ಹುಟ್ಟಿದ ಧರ್ಮ ಇದು.