ಮಣ್ಣೆತ್ತಿಗೂ ಅಂಗಡಿನೇ ಬೇಕೇನ್ರೀ?

ಅಲ್ರೀ, ಮಕ್ಕಳ ರಜೆಗೆ ‘ಈಸಿ ಕ್ರಾಫ್ಟ್’ ಅಂತ ಥರ್ಮಾಕೋಲು, ಗ್ಲಿಟರ್ ತುಂಬಿದ ಡಬ್ಬಿ ತರ್ತೀವಲ್ಲ, ನಮ್ಮ ರೋಣ, ನರಗುಂದದ ಕಡೆ ಅದ್ಯಾಕೆ ಬೇಕು? ಊರು ದಾಟಿದರೆ ಎರೆಮಣ್ಣು. (ಗಜೇಂದ್ರಗಡದವರು ಗುಡ್ಡ ಬಿಟ್ಟು ಒಂಚೂರು ಕೆಳಗೆ ಬರಬೇಕು, ಅಷ್ಟೇ.)

ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಜೋಡೆತ್ತು, ಮುಂದೊಂದು ಗ್ವಾದಲಿ, ಕಣ್ಣಿಗೆ ಜೋಳದ ಕಾಳು. ಈಗ ಅದನ್ನೂ ಬಣ್ಣ ಬಳಿದದ್ದೇ ಕೊಂಡು ತರೋದು! ಕುಂಬಾರರು ಮಣ್ಣಲ್ಲಿ ಮಾಡಿದ್ದನ್ನ ತಗೊಳ್ಳಿ, ನನ್ನ ತಕರಾರಿಲ್ಲ. ಅಚ್ಚಿಗೆ ಹೊಯ್ದ ಪಿಓಪಿ ಎತ್ತು ಮಾತ್ರ ಬೇಡ. ನೀರಿಗೆ ಬಿಟ್ಟರೆ ಅದು ಮಣ್ಣಾಗೋದಿಲ್ಲ.

“ಎರಿ ಒಣಗಿದ್ರ ಬಿರೀತದ” ಅನ್ನೋದು ಬರೀ ನೆಪ. ಒಂಚೂರು ಹತ್ತಿ ಸೇರಿಸಿ ಚೆನ್ನಾಗಿ ನಾದಿ, ನೆರಳಲ್ಲಿ ಒಣಗಿಸಿ. ಆದರೂ ಕಾಲು ಮುರೀತಾ? ಮುರೀಲಿ ಬಿಡ್ರೀ, ಮರುದಿನ ಕುಂಟೆತ್ತು ಹೊತ್ತು ಮನೆಮನೆಗೆ ಜೋಳ ಕೇಳೋ ಹುಡುಗರಿಗೆ ಅದೇ ಬೇಕು.

ಪಂಚಮಿ ಉಂಡಿದೂ ಇದೇ ಹಾಡು, ಪ್ಯಾಕೆಟ್ಟಿಗೆ ಬಂದಿದೆ. ಶೇಂಗಾ ಹುರಿದು, ಸಿಪ್ಪೆ ಊದಿ, ಬೆಲ್ಲ ಹಾಕಿ ಕುಟ್ಟೋಕೆ ಎಷ್ಟು ಹೊತ್ತು? ಕಟ್ಟೋಕೆ ಮಕ್ಕಳನ್ನ ಕೂರಿಸಿ. ಅರ್ಧ ಅವರ ಬಾಯಿಗೇ ಹೋಗ್ತದೆ, ಹೋಗ್ಲಿ.

ನಿಮ್ಮ ಮನೇಲಿ ಎತ್ತು ಮಾಡಿದ್ದು ಯಾರು? ಹೇಳಿ ನೋಡೋಣ.